“ಮಾತ್ರೆ ನಿಲ್ಲಿಸಬೇಡಿ” ಅಂದಿದ್ದೆ: ಒಬ್ಬ ಟೈಲರ್, ನಾಲ್ಕು ಟಿಬಿ ಔಷಧಿ, ಒಂದು ಕಾಮಾಲೆ

ಇದನ್ನು ಬರೆಯಲು ರೋಗಿಯ ಒಪ್ಪಿಗೆ ಇದೆ. ಅವರ ಹೆಸರು, ಊರು ಮಾತ್ರ ಹೇಳುವುದಿಲ್ಲ. ಹಳೆ ಮೈಸೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ವೈದ್ಯನಾಗಿದ್ದಾಗ ನಡೆದದ್ದು ಇದು.

ಅವರಿಗೆ ಆಗ 48 ವರ್ಷ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್ ಮತ್ತು ಮೆಟ್ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರು. ಕುಡಿಯುವ ಅಭ್ಯಾಸ ಇಲ್ಲ. ಎರಡು ತಿಂಗಳಿಂದ ಕೆಮ್ಮು. ಬಟ್ಟೆಯ ಧೂಳಿಗೆ ಬಂದದ್ದು ಅಂತ ಸುಮ್ನಿದ್ದರು. ಮೆಡಿಕಲ್ ಶಾಪಿನಿಂದ ತಂದ ಸಿರಪ್ ಮೂರು ಬಾಟಲಿ ಖಾಲಿಯಾಗಿತ್ತು. ಸಂಜೆ ಸಣ್ಣ ಜ್ವರ, ರಾತ್ರಿ ಬೆವರು. ತಮ್ಮದೇ ಪ್ಯಾಂಟಿನ ಸೊಂಟವನ್ನು ಎರಡನೇ ಸಲ ಬಿಗಿ ಮಾಡಿಕೊಳ್ಳುವಾಗ ಅನುಮಾನ ಬಂತಂತೆ. ಹಾಗೆ ನಮ್ಮಲ್ಲಿಗೆ ಬಂದರು.

ತೂಕ 47 ಕೆಜಿ. ಎಕ್ಸ್-ರೇಯಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಗುಳಿ. ಕಫವನ್ನು ಟ್ರೂನ್ಯಾಟ್ ಯಂತ್ರದಲ್ಲಿ ಪರೀಕ್ಷೆ ಮಾಡಿದಾಗ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿತು. ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೆ ಅನ್ನುವುದೂ ಗೊತ್ತಾಯಿತು. ಎಚ್‌ಐವಿ ಇರಲಿಲ್ಲ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 210. ಲಿವರ್ ಪರೀಕ್ಷೆಯಲ್ಲಿ ಎಎಲ್‌ಟಿ 28, ಅಂದರೆ ಸರಿಯಾಗಿಯೇ ಇತ್ತು. ಎಎಲ್‌ಟಿ ಅಂದರೆ ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಒಂದು ಕಿಣ್ವ. ಈ 28 ಅನ್ನುವ ಸಂಖ್ಯೆ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಮರುದಿನದಿಂದಲೇ ದಿನಕ್ಕೆ ಮೂರು ಮಾತ್ರೆ ಶುರು ಮಾಡಿದೆವು. ಸರ್ಕಾರದಿಂದ ಪುಕ್ಕಟೆ ಬರುವ ಮಾತ್ರೆ ಅದು. ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧಿ ಸೇರಿರುತ್ತವೆ: ಐಸೋನಿಯಾಜಿಡ್ 75 ಮಿಲಿಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬುಟಾಲ್ 275. ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ. 35ರಿಂದ 49 ಕೆಜಿವರೆಗೆ ಮೂರು, 50ರಿಂದ 64ರವರೆಗೆ ನಾಲ್ಕು. ಮಾಮೂಲಿ ಟಿಬಿಗೆ ಎರಡು ತಿಂಗಳು ಈ ನಾಲ್ಕೂ ಔಷಧಿ, ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು.

“ಒಂದು ಕಾಯಿಲೆಗೆ ನಾಲ್ಕು ಔಷಧಿ ಯಾಕೆ ಡಾಕ್ಟ್ರೇ?” ಅಂತ ಕೇಳಿದರು. ಈ ಪ್ರಶ್ನೆ ಎಲ್ಲರೂ ಕೇಳಬೇಕು.

ನಾಲ್ಕು ಔಷಧಿ, ನಾಲ್ಕು ಕೆಲಸ

ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನದ ಜೀವಿ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಸಲ ಎರಡಾಗುತ್ತದೆ. ಇದಕ್ಕೆ ಹೆಚ್ಚುಕಡಿಮೆ 20 ಗಂಟೆ ಬೇಕು. ಅದರ ಮೈಮೇಲೆ ಮೇಣದಂಥ ದಪ್ಪ ಹೊದಿಕೆ ಇದೆ. ಮೈಕೋಲಿಕ್ ಆಮ್ಲ ಅನ್ನುವ ಕೊಬ್ಬಿನಿಂದ ಆದದ್ದು. ಎಷ್ಟೋ ಔಷಧಿಗಳು ಈ ಹೊದಿಕೆ ದಾಟಿ ಒಳಗೆ ಹೋಗುವುದೇ ಇಲ್ಲ.

ಐಸೋನಿಯಾಜಿಡ್ ಆ ಮೇಣಕ್ಕೇ ಕೈ ಹಾಕುತ್ತದೆ. ನಾವು ನುಂಗಿದಾಗ ಅದು ಇನ್ನೂ ಪೂರ್ತಿ ಔಷಧಿಯಲ್ಲ. ಬ್ಯಾಕ್ಟೀರಿಯಾದ ಒಳಗೆ ಹೋದ ಮೇಲೆ ಅಲ್ಲಿನ ಒಂದು ಕಿಣ್ವವೇ ಅದನ್ನು ಚುರುಕುಗೊಳಿಸುತ್ತದೆ. ಆಮೇಲೆ ಮೈಕೋಲಿಕ್ ಆಮ್ಲ ತಯಾರಾಗುವುದು ನಿಲ್ಲುತ್ತದೆ. ಜೋರಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳು ಮೊದಲ ಕೆಲವೇ ದಿನಗಳಲ್ಲಿ ರಾಶಿ ರಾಶಿ ಸಾಯುವುದು ಮುಖ್ಯವಾಗಿ ಇದರಿಂದ.

ರಿಫಾಂಪಿಸಿನ್ ಕೆಲಸ ಬೇರೆ. ಪ್ರತಿ ಜೀವಕೋಶವೂ ತನ್ನ ಡಿಎನ್‌ಎಯಲ್ಲಿ ಇರುವುದನ್ನು ನಕಲು ತೆಗೆದು, ಆ ನಕಲು ನೋಡಿಕೊಂಡು ಪ್ರೋಟೀನ್ ಮಾಡುತ್ತದೆ. ಆ ನಕಲು ತೆಗೆಯುವ ಯಂತ್ರವನ್ನೇ ರಿಫಾಂಪಿಸಿನ್ ತಡೆಯುತ್ತದೆ. ಟೈಲರ್‌ಗೆ ನಾನು ಹೇಳಿದ್ದು ಹೀಗೆ: “ಅಳತೆ ಪುಸ್ತಕ ಇದೆ, ಆದರೆ ಅದನ್ನ ನೋಡಿ ಬಟ್ಟೆ ಮೇಲೆ ಗುರುತು ಹಾಕೋಕೆ ಆಗಲ್ಲ ಅಂದ್ರೆ ಹೇಗೆ ಹೊಲೀತೀರಿ?” ಅರೆನಿದ್ದೆಯಲ್ಲಿದ್ದು ಆಗಾಗ ಎಚ್ಚರವಾಗುವ ಬ್ಯಾಕ್ಟೀರಿಯಾಗಳನ್ನೂ ಇದು ಕೊಲ್ಲುತ್ತದೆ. ಈ ಔಷಧಿಯ ಮೂಲ ದಕ್ಷಿಣ ಫ್ರಾನ್ಸಿನ ಒಂದು ಪೈನ್ ಕಾಡಿನ ಮಣ್ಣು. 1957ರಲ್ಲಿ ಆ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಇಟಲಿಯ ಮಿಲಾನ್‌ನ ವಿಜ್ಞಾನಿಗಳು ಇದರ ಮೊದಲ ರೂಪ ಪಡೆದರು.

ಪೈರಾಜಿನಮೈಡ್ ನನಗೆ ಈಗಲೂ ಅಚ್ಚರಿ ಹುಟ್ಟಿಸುವ ಔಷಧಿ. ಉರಿಯೂತ ಇರುವ ಜಾಗ ಹುಳಿಯಾಗಿರುತ್ತದೆ. ಅಂಥ ಹುಳಿ ಜಾಗದಲ್ಲಿ ಅಡಗಿ ಕೂತ, ಬೇರೆ ಔಷಧಿಗೆ ಅಷ್ಟಾಗಿ ಬಗ್ಗದ ಬ್ಯಾಕ್ಟೀರಿಯಾಗಳನ್ನು ಇದು ಹುಡುಕಿ ಕೊಲ್ಲುತ್ತದೆ. ಇದು ಸೇರಿದ್ದರಿಂದಲೇ ಒಂಬತ್ತು ತಿಂಗಳ ಚಿಕಿತ್ಸೆ ಆರು ತಿಂಗಳಿಗೆ ಇಳಿದದ್ದು. ಆ ಮೂರು ತಿಂಗಳ ಲೆಕ್ಕ ಈ ಪ್ರಕರಣದಲ್ಲಿ ಮತ್ತೆ ಬರುತ್ತದೆ.

ಎಥಾಂಬುಟಾಲ್ ಬ್ಯಾಕ್ಟೀರಿಯಾದ ಗೋಡೆಯಲ್ಲಿರುವ ಸಕ್ಕರೆಯ ಜಾಲ ಕಟ್ಟದಂತೆ ತಡೆಯುತ್ತದೆ. ತಾನಾಗಿ ದೊಡ್ಡ ಪ್ರಮಾಣದಲ್ಲಿ ಕೊಲ್ಲುವುದಿಲ್ಲ. ಅದರ ಮುಖ್ಯ ಕೆಲಸ ಕಾವಲು.

ಯಾವುದರಿಂದ ಕಾವಲು? ಪ್ರತಿರೋಧದಿಂದ. ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಲ್ಲಿ ಒಂದು, ಹುಟ್ಟಿನಿಂದಲೇ ಐಸೋನಿಯಾಜಿಡ್‌ಗೆ ಬಗ್ಗದಂತೆ ಇರುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು 10 ಕೋಟಿಯಲ್ಲಿ ಒಂದು. ಇವರ ಶ್ವಾಸಕೋಶದಲ್ಲಿದ್ದಂಥ ಗುಳಿಯಲ್ಲಿ 10 ಕೋಟಿ ಬ್ಯಾಕ್ಟೀರಿಯಾ ಇರುವುದು ದೊಡ್ಡ ವಿಷಯವೇನಲ್ಲ. ಒಂದೇ ಔಷಧಿ ಕೊಟ್ಟರೆ ಬಗ್ಗದ್ದು ಬದುಕಿಕೊಂಡು, ಬೆಳೆದು, ಗುಳಿಯನ್ನೆಲ್ಲ ತುಂಬುತ್ತದೆ. ಎರಡಕ್ಕೂ ಒಟ್ಟಿಗೆ ಬಗ್ಗದ ಒಂದು ಬ್ಯಾಕ್ಟೀರಿಯಾ ಅಲ್ಲಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಇದನ್ನು ಕಣ್ಣಾರೆ ಕಂಡರು. ಒಂಟಿ ಔಷಧಿ ಪಡೆದ ರೋಗಿಗಳು ಮೊದಲು ಚೇತರಿಸಿಕೊಂಡರು. ಕೆಲವೇ ತಿಂಗಳಲ್ಲಿ ಅನೇಕರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದಿತ್ತು.

ಇಷ್ಟನ್ನೂ ನಾನು ಅವರಿಗೆ ಹೇಳಿದೆ. ಹೇಳಿ, ಕೊನೆಗೆ ಎಲ್ಲ ಟಿಬಿ ಡಾಕ್ಟರೂ ಹೇಳುವ ಮಾತನ್ನೇ ಹೇಳಿದೆ. “ಯಾವ ಕಾರಣಕ್ಕೂ ಮಾತ್ರೆ ನಿಲ್ಲಿಸಬೇಡಿ.” ಅವರು ಆ ಮಾತನ್ನು ಪ್ರಾಣದಂತೆ ಹಿಡಿದುಕೊಂಡರು.

ಮೊದಲ ಮೂರು ವಾರ

ಮೊದಲ ದಿನವೇ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು. ಇದು ರಿಫಾಂಪಿಸಿನ್‌ನ ಬಣ್ಣ. ಮೂತ್ರ, ಬೆವರು, ಕಣ್ಣೀರು ಎಲ್ಲಕ್ಕೂ ಬರುತ್ತದೆ. ಏನೂ ತೊಂದರೆ ಇಲ್ಲ. ನಾವು ಮೊದಲೇ ತಿಳಿಸಿದ್ದರಿಂದ ಅವರು ಹೆದರಲಿಲ್ಲ. ಆದರೆ ಗಿರಾಕಿಗಳ ಬಿಳಿ ಅಂಗಿ ಹೊಲಿಯುವಾಗ ಬೆವರಿನ ಹನಿ ಬಿದ್ದು ಕಲೆಯಾದೀತು ಅಂತ ಕುತ್ತಿಗೆಗೆ ಟವೆಲ್ ಕಟ್ಟಿಕೊಂಡು ಕೂರುತ್ತಿದ್ದರಂತೆ. ನನಗೆ ಅದು ಹೊಳೆದೇ ಇರಲಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ. ಊಟದ ಜೊತೆ ತಗೊಂಡರೆ ರಿಫಾಂಪಿಸಿನ್ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಸ್ವಲ್ಪ ಹೊಟ್ಟೆ ತೊಳಸುವುದು ಬಹಳ ಜನರಿಗೆ ಮಾಮೂಲಿ. ಇವರಿಗೂ ಆಯಿತು, ಮೊದಲ ವಾರದಲ್ಲೇ ಕಡಿಮೆಯೂ ಆಯಿತು. ಜ್ವರ ನಿಂತಿತು. ಹಸಿವು ಮರಳಿತು. ಮನೆಯಲ್ಲಿ ಎಲ್ಲರಿಗೂ ಖುಷಿ.

12ನೇ ದಿನ ಮಂಡಿ, ಹಿಮ್ಮಡಿ ಗಂಟು ನೋವು. ಪೈರಾಜಿನಮೈಡ್ ಇರುವಾಗ ಕಿಡ್ನಿಯಿಂದ ಯೂರಿಕ್ ಆಮ್ಲ ಸರಿಯಾಗಿ ಹೊರಗೆ ಹೋಗುವುದಿಲ್ಲ. ಅದರಿಂದ ಬರುವ ನೋವು ಇದು. ಮಾತ್ರೆ ನಿಲ್ಲಿಸುವಂಥದ್ದಲ್ಲ. ಅವರು ನಮ್ಮನ್ನು ಕೇಳದೆ ಮೆಡಿಕಲ್ ಶಾಪಿನಿಂದ ಪ್ಯಾರಾಸಿಟಮಾಲ್ ತಂದು ದಿನಕ್ಕೆ ಮೂರು ನಾಲ್ಕು ನುಂಗಲು ಶುರು ಮಾಡಿದರು. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

17ನೇ ದಿನ ಆಸ್ಪತ್ರೆಗೆ ಬಂದರು. ಆ ಮಧ್ಯಾಹ್ನ ಹೊರರೋಗಿ ವಿಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಇದ್ದರು. “ಊಟ ಸೇರ್ತಿಲ್ಲ ಡಾಕ್ಟ್ರೇ. ಒಗ್ಗರಣೆ ವಾಸನೆ ಬಂದ್ರೆ ವಾಂತಿ ಬರೋ ಹಾಗಾಗುತ್ತೆ.” ನಾನು ತಲೆ ಎತ್ತಿ ನೋಡಿದ್ದೆ ಅಷ್ಟೇ. ಮಾತ್ರೆಗೆ ಹಾಗಾಗುತ್ತೆ ಅಂದೆ. ಗ್ಯಾಸ್ಟ್ರಿಕ್ ಮಾತ್ರೆ ಬರೆದೆ. “ನಿಲ್ಲಿಸಬೇಡಿ” ಅಂತ ಇನ್ನೊಮ್ಮೆ ಹೇಳಿದೆ. ಆ ಚೀಟಿ ಈಗಲೂ ಅವರ ಫೈಲಿನಲ್ಲಿದೆ. ಅಕ್ಷರ ನನ್ನದೇ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ಅನ್ನುವವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿ, 1963ರಲ್ಲಿ ಪ್ರಕಟಿಸಿದರು. ಹಳ್ಳಿ ಜನಕ್ಕೆ ಕಾಯಿಲೆಯ ಅರಿವೇ ಇಲ್ಲ, ಆಸ್ಪತ್ರೆಗೇ ಬರುವುದಿಲ್ಲ ಅನ್ನುವ ನಂಬಿಕೆ ಆಗ ಇತ್ತು. ಅವರು ಕಂಡದ್ದು ಬೇರೆ. ಟಿಬಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಲಾಗಿತ್ತು. ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ನನಗೆ ಸಿಟ್ಟು ಬಂದಿತ್ತು. ಆ 17ನೇ ದಿನ ನಾನು ಮಾಡಿದ್ದೂ ಅದೇ ಅಲ್ವಾ? ರೋಗಿ ಬಂದಿದ್ದರು. ಸರಿಯಾದ ಮಾತನ್ನೇ ಹೇಳಿದ್ದರು.

ಹಳದಿ ಕಣ್ಣು

22ನೇ ದಿನ ಅವರ ಹೆಂಡತಿ ಕಣ್ಣು ಹಳದಿಯಾಗಿರುವುದನ್ನು ನೋಡಿದರು. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನಾಟಿ ಔಷಧಿ. ಪಕ್ಕದ ಹಳ್ಳಿಯಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡುವವರು ಇದ್ದಾರೆ. ಮೂರು ಬೆಳಗ್ಗೆ ಹೋಗಿ ಕುಡಿದು ಬಂದರು. ಕುಡಿದು ಬಂದು, ಮನೆಯಲ್ಲಿ ಟಿಬಿ ಮಾತ್ರೆಯನ್ನೂ ನುಂಗಿದರು. ಡಾಕ್ಟರು ನಿಲ್ಲಿಸಬೇಡಿ ಅಂದಿದ್ದಾರಲ್ಲ.

26ನೇ ದಿನ ಆಶಾ ಕಾರ್ಯಕರ್ತೆ ಮಾತ್ರೆ ಎಣಿಸಲು ಮನೆಗೆ ಹೋದರು. ಒಂದೂ ತಪ್ಪಿರಲಿಲ್ಲ. ಮುಖ ನೋಡಿ ಅವರಿಗೆ ಗಾಬರಿಯಾಯಿತು. “ಅಣ್ಣ, ಮೊದ್ಲು ಆಸ್ಪತ್ರೆಗೆ ನಡೀರಿ” ಅಂತ ಆಟೋ ಹತ್ತಿಸಿಕೊಂಡು ಬಂದರು. ಆ ಹೆಣ್ಣುಮಗಳಿಗೆ ನಾನು ಎಷ್ಟು ಕೃತಜ್ಞ ಅನ್ನುವುದನ್ನು ಮಾತಲ್ಲಿ ಹೇಳಲಾರೆ.

ಎಎಲ್‌ಟಿ 612. ಶುರುವಿನಲ್ಲಿ 28 ಇದ್ದದ್ದು. ಕಣ್ಣು ಹಳದಿ ಮಾಡುವ ಬಿಲಿರುಬಿನ್ 5.1, ಅದೂ ಬಹಳ ಹೆಚ್ಚು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸ್ವಲ್ಪ ಮಾತ್ರ ಹೆಚ್ಚುಕಡಿಮೆ ಇತ್ತು. ಪ್ರಜ್ಞೆ ಸರಿಯಿತ್ತು, ಮಾತು ಸ್ಪಷ್ಟವಾಗಿತ್ತು. ಅದೊಂದು ಸಮಾಧಾನ. ಲಿವರ್ ಪೂರ್ತಿ ಸೋತರೆ ಮೊದಲು ಕೆಡುವುದು ಇವೇ.

ನಾಲ್ಕು ಔಷಧಿಗಳಲ್ಲಿ ಮೂರು ಲಿವರ್‌ಗೆ ಏಟು ಕೊಡಬಲ್ಲವು: ಪೈರಾಜಿನಮೈಡ್, ಐಸೋನಿಯಾಜಿಡ್, ರಿಫಾಂಪಿಸಿನ್. ಎಥಾಂಬುಟಾಲ್ ಈ ವಿಷಯದಲ್ಲಿ ನಿರುಪದ್ರವಿ ಅನ್ನಬಹುದು. ಐಸೋನಿಯಾಜಿಡ್ ಲಿವರ್‌ನಲ್ಲಿ ಒಡೆದು ಹೊರಗೆ ಹೋಗಬೇಕು. ಒಡೆಯುವ ಕಿಣ್ವ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಇದು ಹುಟ್ಟಿನಿಂದ ಬರುವ ಗುಣ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಧಾನದವರು. ನಿಧಾನವಾದಷ್ಟೂ ವಿಷದಂಥ ಚೂರುಗಳು ಲಿವರ್‌ನಲ್ಲಿ ಉಳಿಯುವುದು ಜಾಸ್ತಿ. ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಕೆರಳಿಸಿ ಈ ಗಲಾಟೆಯನ್ನು ಇನ್ನೂ ಹೆಚ್ಚಿಸುತ್ತದೆ. ವಯಸ್ಸು, ಕಡಿಮೆ ತೂಕ, ಕುಡಿತ, ಮೊದಲೇ ಇರುವ ಲಿವರ್ ಕಾಯಿಲೆ, ಇವೆಲ್ಲ ಅಪಾಯವನ್ನು ಏರಿಸುತ್ತವೆ. ಹೆಚ್ಚಿನ ಸಲ ಇದು ಮೊದಲ ಎರಡು ತಿಂಗಳ ಒಳಗೇ ಕಾಣಿಸಿಕೊಳ್ಳುತ್ತದೆ.

ಎಎಲ್‌ಟಿ ಸ್ವಲ್ಪ ಏರಿದ ಮಾತ್ರಕ್ಕೆ ಯಾರೂ ಔಷಧಿ ನಿಲ್ಲಿಸುವುದಿಲ್ಲ. ತಾನಾಗಿ ಇಳಿಯುವುದೂ ಇದೆ. ರೋಗಿಗೆ ವಾಂತಿ, ಊಟ ಸೇರದಿರುವುದು, ಕಾಮಾಲೆ ಇದ್ದು ಎಎಲ್‌ಟಿ ಮಾಮೂಲಿ ಮಿತಿಯ ಮೂರು ಪಟ್ಟು ದಾಟಿದರೆ ನಿಲ್ಲಿಸಬೇಕು. ಯಾವ ತೊಂದರೆಯೂ ಇಲ್ಲದಿದ್ದರೆ ಐದು ಪಟ್ಟು ದಾಟಿದಾಗ. ಮಿತಿ ಸುಮಾರು 40 ಅಂತ ಇಟ್ಟುಕೊಳ್ಳಿ. 612 ಅಂದರೆ 15 ಪಟ್ಟು. ಆ ಕ್ಷಣವೇ ಎಲ್ಲ ಮಾತ್ರೆ ನಿಲ್ಲಿಸಿದೆವು. ಪ್ಯಾರಾಸಿಟಮಾಲ್, ಸೊಪ್ಪಿನ ರಸ ಎಲ್ಲವನ್ನೂ.

ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆಗಳನ್ನೂ ಮಾಡಿಸಿದೆವು. ನಮ್ಮಲ್ಲಿ ಕಾಮಾಲೆ ಅಂದರೆ ವೈರಸ್ ಕೂಡ ಇರಬಹುದು. ಎಲ್ಲ ನೆಗೆಟಿವ್. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳ ಸರಿಯಿತ್ತು. ಹಾಗಾಗಿ ಟಿಬಿ ಔಷಧಿಯಿಂದಲೇ ಆದದ್ದು ಅನ್ನುವ ತೀರ್ಮಾನಕ್ಕೆ ಬಂದೆವು. ಪ್ಯಾರಾಸಿಟಮಾಲ್ ಮತ್ತು ನಾಟಿ ಔಷಧಿಯ ಪಾಲು ಎಷ್ಟು ಅನ್ನುವುದನ್ನು ಬಿಡಿಸಿ ಹೇಳಲು ಆಗುವುದಿಲ್ಲ.

ವಾರ್ಡಿನಲ್ಲಿ ಎರಡನೇ ದಿನ ಅವರ ಹಾಸಿಗೆ ಪಕ್ಕ ಕೂತು ಕೇಳಿದೆ. “ಮೂತ್ರದ ಬಣ್ಣ ಗಾಢ ಆಗಿರಲಿಲ್ವಾ?”

ಅವರು ಹೇಳಿದ್ದು: “ಆಗಿತ್ತು ಡಾಕ್ಟ್ರೇ. ಮೊದಲು ಕೇಸರಿ ಇತ್ತು. ಸಾಯಂಕಾಲದ ಹೊತ್ತಿಗೆ ತಿಳಿಯಾಗ್ತಿತ್ತು. ಮೂರನೇ ವಾರ ಬೇರೆ ಬಣ್ಣ. ಕಾಫಿ ಡಿಕಾಕ್ಷನ್‌ಗೆ ನೀರು ಬೆರೆಸಿದ ಹಾಗೆ. ರಾತ್ರೀನೂ ಹಾಗೇ ಇರ್ತಿತ್ತು. ನೀವು ಬಣ್ಣ ಬರುತ್ತೆ, ಹೆದರಬೇಡಿ ಅಂದಿದ್ರಿ. ಅದಕ್ಕೇ ಹೇಳ್ಲಿಲ್ಲ.”

ನನಗೆ ಮಾತೇ ಹೊರಡಲಿಲ್ಲ. ರಿಫಾಂಪಿಸಿನ್ ಬಣ್ಣ ಮಾತ್ರೆ ನುಂಗಿದ ಕೆಲವು ಗಂಟೆ ಗಾಢವಾಗಿದ್ದು, ದಿನ ಕಳೆದಂತೆ ತೆಳುವಾಗುತ್ತದೆ. ಕಾಮಾಲೆಯ ಬಣ್ಣ ಕಂದು ಕಡೆಗೆ ವಾಲುತ್ತದೆ, ಹೊತ್ತು ಗೊತ್ತಿಲ್ಲದೆ ಇರುತ್ತದೆ. ಮೂವತ್ತು ವರ್ಷ ದಾರದ ಬಣ್ಣ ಹೊಂದಿಸಿದ ಕಣ್ಣು ಅದನ್ನು ಸರಿಯಾಗಿ ಗುರುತಿಸಿತ್ತು. ನಾನು ಕೊಟ್ಟ ಧೈರ್ಯವೇ ಆ ಲಕ್ಷಣವನ್ನು ಮುಚ್ಚಿಹಾಕಿತ್ತು.

ಮತ್ತೆ ಒಂದೊಂದಾಗಿ

ಈಗ ಇಕ್ಕಟ್ಟು. ಲಿವರ್ ಉಳಿಯಬೇಕಾದರೆ ಮಾತ್ರೆ ನಿಲ್ಲಬೇಕು. ಶ್ವಾಸಕೋಶದ ಗುಳಿಯಲ್ಲಿ ಇನ್ನೂ ಬ್ಯಾಕ್ಟೀರಿಯಾ ಇದೆ. ಸುಮ್ನೆ ಬಿಟ್ಟರೆ ಮತ್ತೆ ಹೆಚ್ಚುತ್ತದೆ. ಜಿಲ್ಲಾ ಆಸ್ಪತ್ರೆಯ ಶ್ವಾಸಕೋಶ ತಜ್ಞರಿಗೆ ಫೋನ್ ಮಾಡಿ, ಅವರ ಸಲಹೆಯಂತೆ ಲಿವರ್‌ಗೆ ಹೆಚ್ಚು ತೊಂದರೆ ಕೊಡದ ಮೂರು ಔಷಧಿ ಕೊಟ್ಟೆವು. ಎಥಾಂಬುಟಾಲ್, ಲಿವೊಫ್ಲಾಕ್ಸಾಸಿನ್, ಜೊತೆಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಸ್ಟ್ರೆಪ್ಟೊಮೈಸಿನ್ ಕಿವಿಗೂ ಕಿಡ್ನಿಗೂ ಪೆಟ್ಟು ಕೊಡಬಹುದು. ಕಿಡ್ನಿ ಪರೀಕ್ಷೆ ಮಾಡಿಯೇ ಶುರು ಮಾಡಿದೆವು. ತಲೆ ಸುತ್ತು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಇದೆಯಾ ಅಂತ ದಿನಾ ಕೇಳುತ್ತಿದ್ದೆವು.

ಟಿಬಿ ಮಾತ್ರೆ ನಿಲ್ಲಿಸಿದ ಮೂರನೇ ದಿನ ವಾಂತಿ ನಿಂತಿತು. ಆರನೇ ದಿನ ಗಂಜಿ ಬಿಟ್ಟು ಮುದ್ದೆ ಕೇಳಿದರು. ಎಎಲ್‌ಟಿ ವಾರಕ್ಕೆ ಎರಡು ಸಲ ನೋಡಿದೆವು: 430, 265, 150, 96. 19ನೇ ದಿನಕ್ಕೆ 70. ಮಾಮೂಲಿ ಮಿತಿಯ ಎರಡು ಪಟ್ಟಿಗಿಂತ ಕೆಳಗೆ ಬಂದ ಮೇಲೇ ಮತ್ತೆ ಶುರು ಮಾಡಬೇಕು.

ಮೊದಲು ರಿಫಾಂಪಿಸಿನ್. ಲಿವರ್‌ಗೆ ಏಟು ಕೊಡುವ ಮೂರರಲ್ಲಿ ಇದರ ಅಪಾಯ ಕಡಿಮೆ, ಟಿಬಿ ವಾಸಿ ಮಾಡುವಲ್ಲಿ ಇದರ ಬಲ ಜಾಸ್ತಿ. ಎಥಾಂಬುಟಾಲ್ ಮತ್ತು ಉಳಿದವು ಜೊತೆಗೇ ಇದ್ದವು. ಒಂಟಿಯಾಗಿ ಯಾವುದನ್ನೂ ಬಿಡಬಾರದು, ಕಾರಣ ಮೇಲೆ ಹೇಳಿದೆನಲ್ಲ. ಒಂದು ವಾರ ಬಿಟ್ಟು ರಕ್ತ ಪರೀಕ್ಷೆ. ಎಎಲ್‌ಟಿ 52. ಆಮೇಲೆ ಐಸೋನಿಯಾಜಿಡ್, ಮೊದಲು ಸಣ್ಣ ಪ್ರಮಾಣ, ಎರಡು ಮೂರು ದಿನದಲ್ಲಿ ಪೂರ್ತಿ. ಮತ್ತೆ ಒಂದು ವಾರ. ಎಎಲ್‌ಟಿ 44. ಆ ಫಲಿತಾಂಶ ಬಂದ ದಿನ ಲ್ಯಾಬ್ ಟೆಕ್ನೀಷಿಯನ್ ಓಡಿಬಂದು ಹೇಳಿದರು. ಸ್ಟ್ರೆಪ್ಟೊಮೈಸಿನ್ ಮತ್ತು ಲಿವೊಫ್ಲಾಕ್ಸಾಸಿನ್ ನಿಲ್ಲಿಸಿದೆವು.

ಪೈರಾಜಿನಮೈಡ್ ಮತ್ತೆ ಕೊಡಲಿಲ್ಲ. ಉಳಿದೆರಡೂ ಒಗ್ಗಿದ ಮೇಲೆ ಅದರ ಮೇಲೇ ಅನುಮಾನ ಗಟ್ಟಿಯಾಯಿತು. ಇಷ್ಟು ಜೋರು ಕಾಮಾಲೆ ಆದವರಲ್ಲಿ ಅದನ್ನು ಪರೀಕ್ಷೆಗೆ ಅಂತ ಕೊಡುವುದು ತಪ್ಪು. ಆದರೆ ಅದು ಉಳಿಸುತ್ತಿದ್ದ ಮೂರು ತಿಂಗಳು ವಾಪಸ್ ಬಂತು. ಎರಡು ತಿಂಗಳು ಮೂರು ಔಷಧಿ, ಆಮೇಲೆ ಏಳು ತಿಂಗಳು ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್. ಒಟ್ಟು ಒಂಬತ್ತು ತಿಂಗಳು. “ಆಗಲಿ ಡಾಕ್ಟ್ರೇ, ಮದುವೆ ಸೀಸನ್ ಒಂದು ಹೋಗುತ್ತೆ ಅಷ್ಟೇ” ಅಂದರು. ಆ ಒಂದು ಸೀಸನ್ ಒಬ್ಬ ಟೈಲರ್‌ಗೆ ಎಷ್ಟು ಅನ್ನುವುದು ನನಗೆ ಗೊತ್ತು. ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದನ್ನು 1000 ಮಾಡಿದೆ. ಮೊಟ್ಟೆ, ಬೇಳೆಗೆ ಆಗುತ್ತದೆ. ಮುಚ್ಚಿದ ಅಂಗಡಿಯ ಬಾಡಿಗೆಗೆ ಆಗುವುದಿಲ್ಲ.

ಕಣ್ಣು, ಕಾಲು, ಸಕ್ಕರೆ

ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಡಬಹುದು. ಪ್ರಮಾಣ ಹೆಚ್ಚಾದಷ್ಟೂ, ಕಿಡ್ನಿ ದುರ್ಬಲವಾದಷ್ಟೂ ಅಪಾಯ ಹೆಚ್ಚು. ಮೊದಲು ಕೆಂಪು ಹಸಿರು ಬಣ್ಣದ ವ್ಯತ್ಯಾಸ ಮಂಕಾಗುತ್ತದೆ, ನಡುವಿನ ನೋಟ ಮಸುಕಾಗುತ್ತದೆ. ಬೇಗ ಗುರುತಿಸಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಣ್ಣವೇ ಅನ್ನ ಕೊಡುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಭಯ ಇರಲಾರದು. ನಮ್ಮಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕದಿಂದ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿದೆವು. ಮನೆಯಲ್ಲಿ ಅವರೇ ಒಂದು ದಾರಿ ಮಾಡಿಕೊಂಡರು. ಪ್ರತಿ ಭಾನುವಾರ ಬಿಸಿಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿಕೊಂಡು, ಹೆಂಡತಿ ತೋರಿಸಿದ ದಾರದ ರೀಲಿನ ಬಣ್ಣ ಹೇಳುವುದು. ಮರೂನ್, ಕುಂಕುಮ, ಗಿಳಿ ಹಸಿರು, ಎಲೆ ಹಸಿರು. ಆಮೇಲೆ ಇನ್ನೊಂದು ಕಣ್ಣು. ಒಂದು ವಾರವೂ ತಪ್ಪಲಿಲ್ಲ, ಬಣ್ಣವೂ ತಪ್ಪಲಿಲ್ಲ.

ತೊಂದರೆ ಬಂದದ್ದು ಕಾಲಿನಿಂದ. ನಾಲ್ಕನೇ ತಿಂಗಳಲ್ಲಿ “ಮೆಷಿನ್ ಪೆಡಲ್ ತುಳಿದ್ರೆ ಪಾದಕ್ಕೆ ಗೊತ್ತೇ ಆಗಲ್ಲ, ಜೋಮು ಹಿಡಿದ ಹಾಗಿರುತ್ತೆ” ಅಂದರು. ಐಸೋನಿಯಾಜಿಡ್ ದೇಹದಲ್ಲಿರುವ ಬಿ6 ವಿಟಮಿನ್ ಅನ್ನು ಬರಿದು ಮಾಡುತ್ತದೆ. ನರಗಳಿಗೆ ಅದು ಬೇಕೇ ಬೇಕು. ಸಕ್ಕರೆ ಕಾಯಿಲೆ ಇರುವವರಿಗೆ, ಕುಡಿಯುವವರಿಗೆ, ಗರ್ಭಿಣಿಯರಿಗೆ, ತೂಕ ಕಡಿಮೆ ಇರುವವರಿಗೆ ಈ ಅಪಾಯ ಹೆಚ್ಚು. ಅದಕ್ಕೇ ಪೈರಿಡಾಕ್ಸಿನ್ ಅನ್ನುವ ಸಣ್ಣ ಮಾತ್ರೆಯನ್ನು ಜೊತೆಗೆ ಕೊಡುತ್ತೇವೆ. ಫೈಲು ತೆಗೆದು ನೋಡಿದರೆ, ಹಿಂದಿನ ಐದು ವಾರ ಅವರಿಗೆ ಅದು ಸಿಕ್ಕಿರಲಿಲ್ಲ. ಸ್ಟಾಕ್ ಮುಗಿದಿತ್ತು. ಯಾರೂ ಹೊರಗಿನಿಂದ ಬರೆದುಕೊಟ್ಟಿರಲಿಲ್ಲ. ನಾಲ್ಕು ದೊಡ್ಡ ಔಷಧಿಗಳ ಗಲಾಟೆಯಲ್ಲಿ ಇಷ್ಟು ಅಗ್ಗದ ಮಾತ್ರೆ ಕಣ್ಣಿಗೆ ಬೀಳುವುದೇ ಇಲ್ಲ. ಹೆಚ್ಚಿನ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದ ಮೇಲೆ ಸುಮಾರು ಆರು ವಾರದಲ್ಲಿ ಪಾದಕ್ಕೆ ಪೆಡಲ್ ಸಿಕ್ಕಿತು. ಸಕ್ಕರೆ ಕಾಯಿಲೆಯ ಪಾಲೂ ಅದರಲ್ಲಿ ಇದ್ದಿರಬಹುದು.

ಸಕ್ಕರೆಯದ್ದೇ ಇನ್ನೊಂದು ಕತೆ. ರಿಫಾಂಪಿಸಿನ್ ಕೆರಳಿಸುವ ಲಿವರ್ ಕಿಣ್ವಗಳು ಬೇರೆ ಔಷಧಿಗಳನ್ನೂ ಬೇಗ ಬೇಗ ಒಡೆದು ಹಾಕುತ್ತವೆ. ಗ್ಲಿಮೆಪಿರೈಡ್ ಕೂಡ ಅದರಲ್ಲಿ ಒಂದು. ಗರ್ಭನಿರೋಧಕ ಮಾತ್ರೆ, ರಕ್ತ ತಿಳಿಯಾಗಿಸುವ ವಾರ್ಫರಿನ್, ಕೆಲವು ಎಚ್‌ಐವಿ ಔಷಧಿಗಳದ್ದೂ ಇದೇ ಪಾಡು. ಗರ್ಭನಿರೋಧಕ ಮಾತ್ರೆಯ ವಿಷಯವನ್ನು ಹೆಣ್ಣುಮಕ್ಕಳಿಗೆ ಬಾಯಿಬಿಟ್ಟು ಹೇಳಲೇಬೇಕು, ಸಂಕೋಚ ಪಡುವ ಜಾಗ ಅಲ್ಲ. ಇವರನ್ನು ಕಾಮಾಲೆಯ ಸಮಯದಲ್ಲಿ ಇನ್ಸುಲಿನ್‌ಗೆ ಬದಲಿಸಿದ್ದೆವು. ಲಿವರ್ ಪೂರ್ತಿ ಸುಧಾರಿಸಿದ ಮೇಲೆ ಅವರ ಒತ್ತಾಯಕ್ಕೆ ಮತ್ತೆ ಮಾತ್ರೆಗೆ ಬಂದೆವು, ಮೊದಲಿಗಿಂತ ಹೆಚ್ಚಿನ ಪ್ರಮಾಣ ಬೇಕಾಯಿತು. ಇದರ ಇನ್ನೊಂದು ಮುಖ ಚಿಕಿತ್ಸೆ ಮುಗಿದ ಮೇಲೆ ಇರುತ್ತದೆ. ರಿಫಾಂಪಿಸಿನ್ ನಿಂತ ಸುಮಾರು ಎರಡು ವಾರದಲ್ಲಿ ಕಿಣ್ವಗಳು ತಣ್ಣಗಾಗುತ್ತವೆ. ಅದೇ ಪ್ರಮಾಣದ ಸಕ್ಕರೆ ಮಾತ್ರೆ ಆಗ ಜಾಸ್ತಿಯಾಗಿ, ಸಕ್ಕರೆ ಒಮ್ಮೆಲೇ ಇಳಿದು ತಲೆ ಸುತ್ತಿ ಬೀಳಬಹುದು. ಟಿಬಿ ವಾಸಿಯಾಯಿತು ಅಂತ ಸಿಹಿ ಹಂಚಿ ಮನೆಗೆ ಹೋದವರು ಮತ್ತೆ ಆಸ್ಪತ್ರೆಗೆ ಬರುವುದು ಹೀಗೆ. ಕೊನೆಯ ಮಾತ್ರೆಯ ಮರುದಿನವೇ ಅವರ ಗ್ಲಿಮೆಪಿರೈಡ್ ಇಳಿಸಲು ಶುರು ಮಾಡಿದೆವು.

ಕಫ ಪರೀಕ್ಷೆ ಎರಡನೇ ತಿಂಗಳ ಕೊನೆಗೇ ನೆಗೆಟಿವ್ ಆಗಿತ್ತು. ಐದನೇ ತಿಂಗಳಲ್ಲಿ ತೂಕ 50 ದಾಟಿತು, ಅದಕ್ಕೆ ತಕ್ಕಂತೆ ಔಷಧಿ ಹೆಚ್ಚಿಸಿ ಮತ್ತೆ ಲಿವರ್ ನೋಡಿದೆವು. ಒಂಬತ್ತು ತಿಂಗಳ ಕೊನೆಗೆ 54 ಕೆಜಿ. ಗುಳಿ ಇದ್ದ ಜಾಗದಲ್ಲಿ ಈಗ ಒಂದು ಗೆರೆ ಮಾತ್ರ.

ಕಾರ್ಡು

ಅವರು ವಾರ್ಡಿನಲ್ಲಿದ್ದಾಗಲೇ ನಾನು ರೋಗಿಗಳಿಗೆ ಕೊಡುವ ಚೀಟಿಯನ್ನು ಬದಲಿಸಲು ಕೂತಿದ್ದೆ. ಹಳೆಯದರಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಒಂದೇ ಸಾಲು, ಮಾತ್ರೆ ನಿಲ್ಲಿಸಬೇಡಿ ಅಂತ. ಆ ಸಾಲು ಇರಬೇಕು. ಅರ್ಧಕ್ಕೆ ಬಿಟ್ಟು ಔಷಧಿಗೆ ಬಗ್ಗದ ಟಿಬಿ ತಂದುಕೊಂಡವರನ್ನು ನಾನು ನೋಡಿದ್ದೇನೆ. ಆದರೆ ಎರಡನೇ ಸಾಲು ಇಲ್ಲದೆ ಮೊದಲ ಸಾಲು ಒಬ್ಬ ಮನುಷ್ಯನನ್ನು ಸಾವಿನ ಹತ್ತಿರಕ್ಕೆ ಕರೆದುಕೊಂಡು ಹೋಗಿತ್ತು.

ನಾನು ಬರೆದ ಎರಡನೇ ಸಾಲು ಉದ್ದವಾಗಿತ್ತು. ಅವರಿಗೆ ಓದಿ ಹೇಳಿದೆ. “ಇಷ್ಟು ಯಾರು ಓದ್ತಾರೆ ಡಾಕ್ಟ್ರೇ, ಕತ್ತರಿಸಿ” ಅಂದರು. ಇಬ್ಬರೂ ಸೇರಿ ಕತ್ತರಿಸಿದೆವು. ಈಗ ಅದು ಹೀಗಿದೆ: “ಊಟದ ವಾಸನೆಗೇ ವಾಂತಿ ಬರುತ್ತಿದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಇಡೀ ದಿನ ಡಿಕಾಕ್ಷನ್ ಬಣ್ಣ ಇದ್ದರೆ, ಮಾತ್ರೆ ನಿಲ್ಲಿಸಿ ಅದೇ ದಿನ ಬನ್ನಿ. ಕಣ್ಣು ಮಂಜಾದರೂ, ಬಣ್ಣ ಕಲಸಿದಂತೆ ಕಂಡರೂ ಅಷ್ಟೇ.” ಕೆಳಗೆ ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಬರೆಯಲು ಜಾಗ.

ಬಣ್ಣವನ್ನು ಮಾತಲ್ಲಿ ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಥರ ಅರ್ಥವಾಗುತ್ತದೆ ಅನ್ನುವುದು ಅವರ ತಕರಾರು. ಚಿಕಿತ್ಸೆ ಮುಗಿದ ಎರಡು ವಾರಕ್ಕೆ ಸಕ್ಕರೆ ಪರೀಕ್ಷೆಗೆ ಬಂದಾಗ ಕೈಯಲ್ಲಿ ಒಂದು ಸಣ್ಣ ಚೀಲ ಇತ್ತು. ಸಕ್ಕರೆ 104. ಚೀಲದಲ್ಲಿ ಬೆರಳುದ್ದ ಕತ್ತರಿಸಿದ ದಾರದ ತುಂಡುಗಳು, ಒಂದು ಕಟ್ಟು ಕೇಸರಿ, ಒಂದು ಕಟ್ಟು ಕಂದು. ನಮ್ಮ ಬೆಂಚಿನ ಮೇಲೆ ಕೂತು, ಆ ತಿಂಗಳು ಬಂದಿದ್ದ ಕಾರ್ಡುಗಳಿಗೆಲ್ಲ ಗೋಂದು ಹಚ್ಚಿ ಎರಡೆರಡು ದಾರ ಅಂಟಿಸಿದರು. ಕೇಸರಿಯ ಪಕ್ಕ “ಇದು ಸರಿ” ಅಂತ, ಕಂದಿನ ಪಕ್ಕ “ಇದು ಕಂಡ್ರೆ ಬನ್ನಿ” ಅಂತ ತಾವೇ ಬರೆದರು.